ಒಂದು ಚರಂಡಿ ಬಜೆಟ್ಟಿನೊಳಗೆ ಬರುವ ದಾರಿ

ಚಿಕ್ಕಮಗಳೂರಿನಲ್ಲಿ ಆರಿದ್ರಾ ಮಳೆ ಹಿಡಿದ ಮೇಲೆ ಚರಂಡಿಗೆ ಅರ್ಜಿ ಕೊಟ್ಟರೆ ಆ ವರ್ಷ ಸಿಗುವುದು ಹೂಳು ತೆಗೆಸುವ ಕೆಲಸ ಮಾತ್ರ. ಹೊಸ ಚರಂಡಿಯೋ ದೊಡ್ಡ ಮೋರಿಯೋ ಬೇಕಿದ್ದರೆ ಅದರ ಕಾಗದ ಹಿಂದಿನ ಚಳಿಗಾಲದಲ್ಲೇ ನಗರಸಭೆಯ ಟಪಾಲಿಗೆ ಬಿದ್ದಿರಬೇಕು. ಹಳೆಯ ಬಡಾವಣೆಯೊಂದರ ಬೀದಿಯವರೆಲ್ಲ ಸೇರಿ, ಮನೆಗೆ ನೀರು ನುಗ್ಗಿಸುತ್ತಿದ್ದ ಚರಂಡಿಯೊಂದನ್ನು ಅರ್ಜಿಯಿಂದ ಹಿಡಿದು ಅಂತಿಮ ಬಿಲ್ಲಿನವರೆಗೆ ಹಿಂಬಾಲಿಸಿದೆವು. ಆ ದಾರಿಯ ಪ್ರತಿ ಮೆಟ್ಟಿಲನ್ನೂ ಇಲ್ಲಿ ಬರೆಯುತ್ತಿದ್ದೇವೆ. ಬೇರೆ ಬೀದಿಯವರು ಇದನ್ನು ಮತ್ತೆ ಮೊದಲಿನಿಂದ ಹುಡುಕಬೇಕಾಗಿ ಬರಬಾರದು ಎಂಬುದೇ ಉದ್ದೇಶ.

ಮೊದಲ ಕೆಲಸ ಅರ್ಜಿ ಬರೆಯುವುದಲ್ಲ, ಅಳೆಯುವುದು. 30 ಮೀಟರಿನ ಟೇಪು, ಗಾರೆಯವರು ಬಳಸುವ ಪಾರದರ್ಶಕ ಪ್ಲಾಸ್ಟಿಕ್ ಪೈಪು, ಒಂದು ಬಕೆಟ್ ನೀರು, ಸೀಮೆಸುಣ್ಣ ಇದ್ದರೆ ಸಾಕು. ಪೈಪಿಗೆ ನೀರು ತುಂಬಿ, ಒಳಗೆ ಗಾಳಿಗುಳ್ಳೆ ಉಳಿಯದಂತೆ ನೋಡಿಕೊಂಡು, ಎರಡು ತುದಿಗಳನ್ನು ಚರಂಡಿಯ ಎರಡು ಕಡೆ ಹಿಡಿದರೆ ಎರಡೂ ಕಡೆ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಆ ಮಟ್ಟದಿಂದ ಚರಂಡಿಯ ತಳಕ್ಕೆ ಎಷ್ಟು ಆಳವೆಂದು ಎರಡೂ ಕಡೆ ಅಳೆದರೆ ವ್ಯತ್ಯಾಸವೇ ಇಳಿಜಾರು. ಹತ್ತು ಹತ್ತು ಮೀಟರಿಗೆ ಹೀಗೆ ಅಳೆದು ಕಾಗದದಲ್ಲಿ ಗುರುತು ಹಾಕುತ್ತ ಹೋಗಬೇಕು. ನಮ್ಮ ಬೀದಿಯ ಚರಂಡಿಯ ಉದ್ದ 120 ಮೀಟರ್. 200ಕ್ಕೆ 1ರ ಇಳಿಜಾರು ಬೇಕೆಂದರೆ ಆ ತುದಿಯಿಂದ ಈ ತುದಿಗೆ 60 ಸೆಂ.ಮೀ. ಇಳಿಯಬೇಕು.

ಅಳತೆ ಮುಗಿದಾಗಲೇ ತಿಳಿದದ್ದು, ತೊಂದರೆ ಇದ್ದದ್ದು ಚರಂಡಿಯಲ್ಲಲ್ಲ, ಅದರ ಕೊನೆಯಲ್ಲಿ ರಸ್ತೆ ದಾಟುವ ಮೋರಿಯಲ್ಲಿ. ಚರಂಡಿ 60 ಸೆಂ.ಮೀ. ಅಗಲವಿದ್ದರೆ ಮೋರಿಯಲ್ಲಿ ಕೂರಿಸಿದ್ದು 300 ಮಿ.ಮೀ. ವ್ಯಾಸದ ಸಿಮೆಂಟು ಪೈಪು. ವ್ಯಾಸ ಅರ್ಧವಾದರೆ ಹಾಯುವ ನೀರೂ ಅರ್ಧವಾಗುತ್ತದೆ ಎಂದುಕೊಳ್ಳುವವರೇ ಹೆಚ್ಚು. ಹಾಗಲ್ಲ. ಪೈಪಿನ ಬಾಯಿಯ ವಿಸ್ತೀರ್ಣ ನಾಲ್ಕರಲ್ಲೊಂದು ಪಾಲಿಗೆ ಇಳಿಯುತ್ತದೆ, ಗೋಡೆಗಳ ಉಜ್ಜಾಟವೂ ಸೇರಿ ಅದೇ ಇಳಿಜಾರಿನಲ್ಲಿ ಸಾಗುವ ನೀರು ಆರರಲ್ಲೊಂದು ಪಾಲಿಗಿಂತಲೂ ಕಡಿಮೆಯಾಗುತ್ತದೆ. ಪ್ಲಾಸ್ಟಿಕ್ ಚೀಲವೊಂದು ಅಡ್ಡ ಕೂತರೆ ಅದೂ ಇಲ್ಲ. ಮೇಲ್ಗಡೆ ಎಷ್ಟೇ ಅಗಲದ ಹೊಸ ಚರಂಡಿ ಕಟ್ಟಿದರೂ ಈ ಮೋರಿ ಬದಲಾಗದಿದ್ದರೆ ನೀರು ಮೊದಲಿನಂತೆಯೇ ಹಿಂದಕ್ಕೆ ಏರಿ ಮನೆಯ ಮೆಟ್ಟಿಲು ಹತ್ತುತ್ತದೆ. ಮಳೆನೀರಿನ ಕೆಲಸವನ್ನು ಯಾವತ್ತೂ ಕೆಳಗಿನಿಂದ ಮೇಲಕ್ಕೆ ಮಾಡಬೇಕು. ಹೆಚ್ಚಿನ ಅರ್ಜಿಗಳು ಕೇಳುವುದು ತಮ್ಮ ಮನೆ ಮುಂದಿನ ತುಂಡನ್ನು ಮಾತ್ರ, ಅದಕ್ಕೇ ಖರ್ಚಾದರೂ ಫಲ ಕಾಣುವುದಿಲ್ಲ.

ಇನ್ನೊಂದು ಪ್ರಶ್ನೆಗೂ ಅರ್ಜಿಗೆ ಮುಂಚೆಯೇ ಉತ್ತರ ಸಿಗಬೇಕು: ಆ ರಸ್ತೆ ಯಾರದು? ಊರೊಳಗಿನ ಎಲ್ಲ ರಸ್ತೆಯೂ ನಗರಸಭೆಯದಲ್ಲ. ಕಡೂರಿನಿಂದ ಮೂಡಿಗೆರೆ ಕಡೆಗೆ ಊರನ್ನು ಹಾಯುವ ರಾಷ್ಟ್ರೀಯ ಹೆದ್ದಾರಿ 173 ಇದೆ, ಲೋಕೋಪಯೋಗಿ ಇಲಾಖೆಯ ರಸ್ತೆಗಳಿವೆ, ಖಾಸಗಿಯವರು ಮಾಡಿ ಇನ್ನೂ ಹಸ್ತಾಂತರ ಮಾಡದ ಬಡಾವಣೆಗಳ ರಸ್ತೆಗಳಿವೆ. ಒಳಚರಂಡಿಯ ಮುಖ್ಯ ಕೊಳವೆ ಹಾಕುವ ಕೆಲಸ ಸಾಮಾನ್ಯವಾಗಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯದು. ಬಡಾವಣೆ ಹಸ್ತಾಂತರ ಆಗಿರದಿದ್ದರೆ ನಗರಸಭೆಯ ಎಂಜಿನಿಯರ್ ಮನಸ್ಸು ಮಾಡಿದರೂ ಅಲ್ಲಿ ಹಣ ಹಾಕುವುದು ಕಷ್ಟ, ಲೆಕ್ಕ ತಪಾಸಣೆಯಲ್ಲಿ ಆಕ್ಷೇಪ ಬರುತ್ತದೆ. ಚರಂಡಿ ನಗರಸಭೆಯದು, ಅದು ಹಾಯುವ ಮೋರಿ ಮಾತ್ರ ಬೇರೆ ಇಲಾಖೆಯ ರಸ್ತೆಯಡಿ ಇದೆ ಎನ್ನುವುದು ತೀರ ಸಾಮಾನ್ಯ. ಆಗ ನಗರಸಭೆಯ ಅಂದಾಜು ಪಟ್ಟಿಯಲ್ಲಿ ಮೋರಿ ಸೇರುವುದೇ ಇಲ್ಲ. ಹೀಗಿರುವಾಗ ಎರಡೂ ಕಚೇರಿಗೆ ಒಂದೇ ದಿನ ಅರ್ಜಿ ಕೊಟ್ಟು, ಒಂದರಲ್ಲಿ ಇನ್ನೊಂದರ ಉಲ್ಲೇಖ ಬರೆದು, ಜಂಟಿ ಸ್ಥಳ ಪರಿಶೀಲನೆ ಮಾಡಿಸಿ ಎಂದು ಕೇಳಿದರೆ ಕೆಲಸ ಹತ್ತಿರವಾಗುತ್ತದೆ.

ಅರ್ಜಿ ಪೌರಾಯುಕ್ತರ ಹೆಸರಿಗೆ, ಅದರ ನಕಲು ನಿಮ್ಮ ವಾರ್ಡಿನ ಸದಸ್ಯರಿಗೆ ಮತ್ತು ಎಂಜಿನಿಯರಿಂಗ್ ಶಾಖೆಗೆ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಲಿ. ಚರಂಡಿ, ಬೀದಿದೀಪ, ನಾಯಿ, ಕಸ ನಾಲ್ಕನ್ನೂ ಒಂದೇ ಹಾಳೆಯಲ್ಲಿ ಬರೆದರೆ ಆ ಕಾಗದ ಯಾವ ಶಾಖೆಯ ಕಡತಕ್ಕೆ ಹೋಗಬೇಕೆಂಬುದೇ ತೀರ್ಮಾನವಾಗದೆ ನಿಲ್ಲುತ್ತದೆ. ಎಲ್ಲಿಂದ ಎಲ್ಲಿಗೆ, ಎಷ್ಟು ಮೀಟರ್, ಈಗಿನ ಅಗಲ ಆಳ, ಮೋರಿಯ ವ್ಯಾಸ, ಇಳಿಜಾರಿನ ಪಟ್ಟಿ, ಕೈಯಲ್ಲಿ ಬರೆದ ನಕ್ಷೆ, ಮಳೆ ಬಂದ ದಿನ ತೆಗೆದ, ತಾರೀಕು ಮತ್ತು ಸ್ಥಳ ಕಾಣುವ ಫೋಟೋ, ಇವನ್ನು ಲಗತ್ತಿಸಬೇಕು. ಸಹಿ ಮಾಡುವವರು ಹೆಸರಿನ ಪಕ್ಕದಲ್ಲಿ ಆಸ್ತಿ ತೆರಿಗೆಯ ಸ್ವತ್ತಿನ ಸಂಖ್ಯೆ ಬರೆದರೆ ಕಾಗದದ ತೂಕ ಬೇರೆಯಾಗುತ್ತದೆ. ಬಾಡಿಗೆಗಿರುವವರೂ ಸಹಿ ಹಾಕಬಹುದು, ಹಾಕಬೇಕು, ನೀರು ನುಗ್ಗುವುದು ಅವರ ಮನೆಗೂ ಹೌದಲ್ಲ. ಟಪಾಲಿನಲ್ಲಿ ಕೊಟ್ಟು ಎರಡನೇ ಪ್ರತಿಯ ಮೇಲೆ ಸೀಲು, ತಾರೀಕು, ಆವಕ ಸಂಖ್ಯೆ ಹಾಕಿಸಿಕೊಳ್ಳದೆ ಬರಬಾರದು. ಮುಂದಿನ ಎಲ್ಲ ಮಾತಿಗೂ ಆ ಸಂಖ್ಯೆಯೇ ಆಧಾರ. ಅದು ಇಲ್ಲದಿದ್ದರೆ "ಯಾವಾಗ ಕೊಟ್ರಿ ಸಾರ್?" ಎಂದು ಕೇಳಿದಾಗ ಹೇಳಲು ಏನೂ ಇರುವುದಿಲ್ಲ.

ಇಲ್ಲಿ ನಮ್ಮಂಥ ಊರಿನವರು ತಿಳಿದಿರಬೇಕಾದ ಒಂದು ಕೊರತೆ ಇದೆ. 1993ರ ಜೂನ್ 1ರಿಂದ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿಗಳನ್ನು ಕಡ್ಡಾಯ ಮಾಡಿದ್ದು 3 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ಊರುಗಳಿಗೆ. ಚಿಕ್ಕಮಗಳೂರಿನ ಜನಸಂಖ್ಯೆ 2011ರ ಗಣತಿಯಲ್ಲಿ 1.18 ಲಕ್ಷ. ಇಲ್ಲಿ 35 ವಾರ್ಡುಗಳಿವೆ. ಆದರೆ ವಾರ್ಡಿನ ಜನ ಕೂತು ತಮ್ಮ ಬೀದಿಗೆ ಏನು ಬೇಕೆಂದು ಬರೆದು ಕೊಡುವ, ಕಾನೂನಿನ ಬಲವಿರುವ ಜಾಗವನ್ನು ಸಂವಿಧಾನ ನಮಗೆ ಕಡ್ಡಾಯ ಮಾಡಿಲ್ಲ. ಪಕ್ಕದ ಹಾಸನ ಮಹಾನಗರ ಪಾಲಿಕೆಯಾಗಿ ಮೇಲ್ದರ್ಜೆಗೇರಿದೆ. ಹಾಗಾದಾಗ ಊರು 1964ರ ಪೌರಸಭೆಗಳ ಕಾಯ್ದೆಯಿಂದ ಹೊರಬಂದು 1976ರ ಪೌರ ನಿಗಮಗಳ ಕಾಯ್ದೆಯಡಿ ಬರುತ್ತದೆ. ವಾರ್ಡ್ ಸಮಿತಿ, ಏರಿಯಾ ಸಭೆಗಳ ಅವಕಾಶ ಇರುವುದು ಆ ಕಾಯ್ದೆಯಲ್ಲಿ, ಅದಕ್ಕೆ 2016ರಲ್ಲಿ ನಿಯಮಗಳೂ ಬಂದಿವೆ. ಕಾರ್ಪೊರೇಟರ್ ಅಧ್ಯಕ್ಷತೆಯ ಸಮಿತಿಯಲ್ಲಿ ಮಹಿಳೆಯರಿಗೆ, ಪರಿಶಿಷ್ಟರಿಗೆ, ನಿವಾಸಿಗಳ ಸಂಘಗಳಿಗೆ ಜಾಗ ಮೀಸಲಿದೆ. ಹಾಸನದವರು ಈ ಅವಕಾಶವನ್ನು ಕೇಳಿ ಪಡೆಯಬೇಕು, ಅದು ತಾನಾಗಿ ಬಂದು ಬಾಗಿಲು ತಟ್ಟುವುದಿಲ್ಲ. 3 ಲಕ್ಷದ ಗೆರೆ ಸಣ್ಣ ಊರುಗಳಿಗೆ ಮಾಡಿರುವುದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ. ಒಂದೊಂದು ವಾರ್ಡಿನಲ್ಲಿ ಮೂರು ನಾಲ್ಕು ಸಾವಿರ ಜನ ಇರುವ ಊರಿನಲ್ಲಿ ಇಂಥ ಸಭೆ ನಡೆಸುವುದು ದೊಡ್ಡ ನಗರಕ್ಕಿಂತ ಸುಲಭ.

ಹಾಗಾಗಿ ನಗರಸಭೆಯ ಊರಿನಲ್ಲಿ ಜನ ಬಾಯಿಬಿಟ್ಟು ಕೇಳಲು ಇರುವ ಮುಖ್ಯ ಜಾಗ ಬಜೆಟ್ ಪೂರ್ವಭಾವಿ ಸಭೆ. ಆರ್ಥಿಕ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಅದರ ಮುಂಚಿನ ಚಳಿಗಾಲದಲ್ಲಿ ಸಾರ್ವಜನಿಕರ, ಸಂಘ ಸಂಸ್ಥೆಗಳ ಸಲಹೆ ಕೇಳುವ ಸಭೆಯ ಪ್ರಕಟಣೆ ಪತ್ರಿಕೆಗಳಲ್ಲಿ, ನಗರಸಭೆಯ ಸೂಚನಾ ಫಲಕದಲ್ಲಿ ಬರುತ್ತದೆ. ಪ್ರಕಟಣೆ ಸಣ್ಣದಿರುತ್ತದೆ, ಕಣ್ತಪ್ಪುವುದು ಸುಲಭ. ಡಿಸೆಂಬರ್ ಹಿಡಿದ ಮೇಲೆ ಲೆಕ್ಕ ಶಾಖೆಯಲ್ಲಿ ಆಗಾಗ ವಿಚಾರಿಸುತ್ತಿರುವುದೇ ಖಾತ್ರಿ. ಇಂಥ ಸಭೆಗಳಿಗೆ ಬರುವ ಜನ ಬೆರಳೆಣಿಕೆಯಷ್ಟು, ಬಂದವರಲ್ಲೂ ಹಲವರು ಹಳೆಯ ಕೋಪ ತೋಡಿಕೊಳ್ಳುವುದರಲ್ಲೇ ಸಮಯ ಮುಗಿಸುತ್ತಾರೆ. ಕೋಪ ನ್ಯಾಯವಾದದ್ದೇ ಇರಬಹುದು, ನಡಾವಳಿಯಲ್ಲಿ ಅದು ಸಾಲಾಗುವುದಿಲ್ಲ. ಎರಡು ನಿಮಿಷದಲ್ಲಿ ಹೇಳಿ ಮುಗಿಸಿ, ಹೇಳಿದ್ದನ್ನೇ ಬರೆದ ಹಾಳೆಯನ್ನು ಸಭೆಯಲ್ಲೇ ಕೊಟ್ಟು, "ಇದನ್ನ ನಡಾವಳಿಗೆ ಸೇರಿಸ್ಕೊಳ್ಳಿ" ಎಂದು ಕೇಳಬೇಕು. ಹಾಳೆಯಲ್ಲಿ ಹಿಂದಿನ ಅರ್ಜಿಯ ಆವಕ ಸಂಖ್ಯೆ ಇರಲಿ.

ಹಣ ಯಾವ ಬಾಬ್ತಿನಿಂದ ಬರಬಹುದೆಂದು ಗೊತ್ತಿದ್ದವರ ಮಾತಿಗೆ ಉತ್ತರ ಬೇಗ ಸಿಗುತ್ತದೆ. ನಗರಸಭೆಯ ಕೈಯಲ್ಲಿರುವುದು ಆಸ್ತಿ ತೆರಿಗೆ, ನೀರಿನ ಶುಲ್ಕ, ಮಳಿಗೆ ಬಾಡಿಗೆಯಂಥ ಸ್ವಂತ ವರಮಾನ, ರಾಜ್ಯ ಹಣಕಾಸು ಆಯೋಗದ ಅನುದಾನ, ಕೇಂದ್ರ ಹಣಕಾಸು ಆಯೋಗದ ಅನುದಾನ, ರಾಜ್ಯ ಸರ್ಕಾರದ ನಗರೋತ್ಥಾನದಂಥ ಯೋಜನೆಯ ಹಣ. ಎಲ್ಲ ಹಣವನ್ನೂ ಎಲ್ಲದಕ್ಕೂ ಖರ್ಚು ಮಾಡುವಂತಿಲ್ಲ. 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನಮ್ಮಂಥ ಊರುಗಳ ಪಾಲಿನ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟುಬಿದ್ದ ಹಣವಾಗಿತ್ತು. ಶೇ 24.10 ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಎಂದು ತೆಗೆದಿಡುವ ನಿಧಿಗಳೂ ಇವೆ. ಚರಂಡಿ ಪರಿಶಿಷ್ಟರ ಕಾಲೊನಿಯನ್ನು ಹಾದು ಹೋಗುತ್ತಿದ್ದರೆ ಆ ಭಾಗಕ್ಕೆ ಶೇ 24.10ರ ಬಾಬ್ತಿನಲ್ಲಿ ಕೇಳಬಹುದು. ನಿಧಿಯ ಹಣ ವರ್ಷದ ಕೊನೆಗೆ ಖರ್ಚಾಗದೆ ಉಳಿಯುವ ಊರುಗಳೂ ಇವೆ, ಕೇಳುವವರು ಬರಲಿಲ್ಲ ಎಂಬುದೂ ಅದಕ್ಕೆ ಒಂದು ಕಾರಣ. ಅನುದಾನ ಪಡೆಯಬೇಕಾದರೆ ಸ್ಥಳೀಯ ಸಂಸ್ಥೆ ತನ್ನ ಲೆಕ್ಕಪತ್ರವನ್ನು ಸಾರ್ವಜನಿಕರಿಗೆ ಕಾಣುವಂತೆ ಅಂತರ್ಜಾಲದಲ್ಲಿ ಹಾಕಬೇಕೆಂಬ ಷರತ್ತನ್ನು 15ನೇ ಆಯೋಗ ಇಟ್ಟಿತ್ತು. ಸಭೆಗೆ ಹೋಗುವ ಮುಂಚೆ ಹಿಂದಿನ ವರ್ಷದ ಲೆಕ್ಕವನ್ನು ಒಂದು ಸಲ ಓದಿಕೊಂಡರೆ ಚರಂಡಿ ಬಾಬ್ತಿನಲ್ಲಿ ಇಟ್ಟದ್ದೆಷ್ಟು, ಖರ್ಚಾದದ್ದೆಷ್ಟು ಎಂಬುದು ತಿಳಿಯುತ್ತದೆ.

ಬಜೆಟ್ಟಿನಲ್ಲಿ "ಚರಂಡಿ ನಿರ್ಮಾಣ" ಎಂದು ಮೊತ್ತ ಇಟ್ಟ ಮಾತ್ರಕ್ಕೆ ನಿಮ್ಮ ಬೀದಿಯ ಚರಂಡಿ ಬಂದಂತಲ್ಲ. ಅದು ಕ್ರಿಯಾ ಯೋಜನೆಯಲ್ಲಿ, ಅಂದರೆ ಆ ಹಣದಲ್ಲಿ ಮಾಡುವ ಕಾಮಗಾರಿಗಳ ಪಟ್ಟಿಯಲ್ಲಿ, ವಾರ್ಡು ಮತ್ತು ಜಾಗದ ಹೆಸರಿನೊಂದಿಗೆ ಒಂದು ಸಾಲಾಗಿ ಬರಬೇಕು. ಇದು ನಿರ್ಧಾರವಾಗುವುದು ಸಾಮಾನ್ಯ ಸಭೆಯಲ್ಲಿ, ಒಪ್ಪಿಗೆಗೆ ಹೋಗುವುದು ಜಿಲ್ಲಾಧಿಕಾರಿ ಕಚೇರಿಯ ಕಡೆಗೆ. ವಾರ್ಡಿನ ಸದಸ್ಯರ ಮಾತು ನಡೆಯುವ ಜಾಗ ಇದೇ. ಸಭೆಯ ಅಜೆಂಡಾ ತಯಾರಾಗುವ ಮುಂಚೆ ಬೀದಿಯವರು ಒಟ್ಟಾಗಿ ಸದಸ್ಯರನ್ನು ಕರೆಸಿ, ಅಳತೆಯ ಹಾಳೆ ಕೈಗಿಟ್ಟು, ಮೋರಿಯ ಬಾಯಿಯನ್ನು ತೋರಿಸಬೇಕು. ಸದಸ್ಯರ ಮನೆಗೆ ಒಬ್ಬೊಬ್ಬರಾಗಿ ಹೋಗಿ ಕೇಳುವುದು ಬೇಡ. ಅದರಿಂದ ಒಬ್ಬರ ಮನೆ ಮುಂದೆ ಹತ್ತು ಮೀಟರ್ ಸಿಮೆಂಟು ಬೀಳಬಹುದು, ನೀರು ಮಾತ್ರ ಮುಂದಿನ ಮನೆಯಲ್ಲಿ ನಿಲ್ಲುತ್ತದೆ. ಚುನಾಯಿತ ಮಂಡಳಿ ಇಲ್ಲದೆ ಆಡಳಿತಾಧಿಕಾರಿ ಇರುವ ಕಾಲದಲ್ಲಿ ಇದೇ ಮನವಿಯನ್ನು ಅವರಿಗೆ ಕೊಡಬೇಕು. 2018ರ ಆಗಸ್ಟ್ ಕೊನೆಯಲ್ಲಿ ಹಾಸನ ನಗರಸಭೆಗೆ ಚುನಾವಣೆ ನಡೆದರೂ ಮೀಸಲಾತಿಯ ವ್ಯಾಜ್ಯದಿಂದ ರಾಜ್ಯದ ಹಲವು ಊರುಗಳಂತೆ ಅಲ್ಲಿಯೂ ಅಧ್ಯಕ್ಷರ ಆಯ್ಕೆ 2020ರವರೆಗೆ ಎಳೆಯಿತು. ಇಂಥ ಕಾಲದಲ್ಲಿ ಜನ ಸುಮ್ಮನಾಗಿಬಿಡುತ್ತಾರೆ. ಕ್ರಿಯಾ ಯೋಜನೆ ಆಗಲೂ ಆಗುತ್ತಲೇ ಇರುತ್ತದೆ.

ಮುಂದಿನ ಮೆಟ್ಟಿಲುಗಳು ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಟೆಂಡರ್, ಕರಾರು, ಕಾರ್ಯಾದೇಶ. 5 ಲಕ್ಷ ರೂಪಾಯಿ ದಾಟಿದ ಕಾಮಗಾರಿಗೆ 1999ರ ಪಾರದರ್ಶಕತೆ ಕಾಯ್ದೆಯ ಪ್ರಕಾರ ಟೆಂಡರ್ ಕರೆಯಬೇಕು. ಒಂದೇ ಚರಂಡಿಯನ್ನು ಆ ಮಿತಿಯೊಳಗಿನ ತುಂಡುಗಳಾಗಿ ಒಡೆದು ತುಂಡು ಗುತ್ತಿಗೆ ಕೊಡುವುದು ಎಲ್ಲೇ ಆದರೂ ಕೆಟ್ಟ ಪದ್ಧತಿ. ಒಂದೊಂದು ತುಂಡಿನ ತಳಮಟ್ಟ ಒಂದೊಂದು ಥರ ಆಗಿ, ಸೇರುವ ಕಡೆಗಳಲ್ಲಿ ನೀರು ನಿಲ್ಲುವುದಕ್ಕೆ ಅದೇ ಕಾರಣ. ಅಂದಾಜು ಪಟ್ಟಿ ಮಾಡಲು ಕಿರಿಯ ಎಂಜಿನಿಯರ್ ಜಾಗಕ್ಕೆ ಬರುವ ದಿನ ಅಲ್ಲಿ ನಾವಿರಬೇಕು, ಅಳತೆಯ ಹಾಳೆ ಕೊಡಬೇಕು. ಅವರೊಬ್ಬರಿಗೆ ಹಲವು ವಾರ್ಡುಗಳ ಹೊರೆ ಇರುತ್ತದೆ, ಸರಿಯಾದ ಅಳತೆ ಕೈಗೆ ಸಿಕ್ಕರೆ ಅವರಿಗೂ ಅನುಕೂಲ. ಮೋರಿ ಪಟ್ಟಿಯಲ್ಲಿ ಸೇರಿದೆಯೇ ಎಂಬುದನ್ನು ಆ ಹಂತದಲ್ಲೇ ನೋಡಬೇಕು. ಟೆಂಡರ್ ಆದ ಮೇಲೆ ಸೇರಿಸುವುದು ತೀರ ಕಷ್ಟ.

ಕಡತ ಎಲ್ಲಿದೆ ಎಂದು ಗೊತ್ತಾಗದಿದ್ದರೆ ಮಾಹಿತಿ ಹಕ್ಕು ಇದೆ. ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ, ಎ4 ಹಾಳೆಯ ಪ್ರತಿಗೆ 2 ರೂಪಾಯಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿ 150 ಪದಗಳೊಳಗೆ ಇರಬೇಕು, ಉದ್ದ ಬರೆದವರ ಅರ್ಜಿ ಇದೊಂದೇ ಕಾರಣಕ್ಕೆ ವಾಪಸಾಗುತ್ತದೆ. ಉತ್ತರಕ್ಕೆ 30 ದಿನ. ತಪ್ಪು ಕಚೇರಿಗೆ ಕೊಟ್ಟರೆ ಅವರೇ 5 ದಿನದೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸಬೇಕು. ಉತ್ತರ ಬರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. "ಇನ್ನೂ ಏಕೆ ಮಾಡಿಲ್ಲ?" ಎಂದು ಕೇಳಬೇಡಿ, ಅಭಿಪ್ರಾಯ ವಿವರಣೆ ಕೊಡಬೇಕಾಗಿಲ್ಲ ಎಂದು ಉತ್ತರ ಬರುತ್ತದೆ, ಅದು ಕಾನೂನಿನಂತೆ ಸರಿಯೂ ಹೌದು. ದಾಖಲೆಯನ್ನೇ ಕೇಳಿ: ಇಂಥ ಆವಕ ಸಂಖ್ಯೆಯ ಅರ್ಜಿ ಇರುವ ಕಡತದ ಟಿಪ್ಪಣಿ ಹಾಳೆಗಳು, ಅಂದಾಜು ಪಟ್ಟಿ, ಕಾರ್ಯಾದೇಶ, ಕರಾರು, ಅಳತೆ ಪುಸ್ತಕದ ಸಂಬಂಧಪಟ್ಟ ಪುಟಗಳು, ಗುಣಮಟ್ಟ ಪರೀಕ್ಷೆಯ ವರದಿ. ಕಾಯ್ದೆಯ 2(ಜೆ) ಪ್ರಕಾರ ಕಾಮಗಾರಿಯನ್ನೇ ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ನಾಗರಿಕರಿಗೆ ಇದೆ. ಇದನ್ನು ಬಳಸುವವರು ಬಹಳ ಕಡಿಮೆ.

ಅಂದಾಜು ಪಟ್ಟಿ ಕೈಗೆ ಸಿಕ್ಕಿದರೆ ಕಾಂಕ್ರೀಟಿನ ಲೆಕ್ಕವನ್ನು ಯಾರು ಬೇಕಾದರೂ ಹಾಕಬಹುದು. ಒಳ ಅಗಲ 60 ಸೆಂ.ಮೀ., ಆಳ 60 ಸೆಂ.ಮೀ., ಗೋಡೆ ಮತ್ತು ತಳ 10 ಸೆಂ.ಮೀ. ದಪ್ಪದ ಚರಂಡಿಗೆ ಒಂದು ಮೀಟರ್ ಉದ್ದಕ್ಕೆ ಎರಡು ಗೋಡೆಗೆ 0.12, ತಳಕ್ಕೆ 0.08, ಒಟ್ಟು 0.20 ಘನ ಮೀಟರ್. 120 ಮೀಟರಿಗೆ 24 ಘನ ಮೀಟರ್, 6 ಘನ ಮೀಟರ್ ಹಿಡಿಯುವ ಕಾಂಕ್ರೀಟ್ ಲಾರಿಯಲ್ಲಿ ನಾಲ್ಕು ಲೋಡು. ದಪ್ಪ 10ರ ಬದಲು 8 ಸೆಂ.ಮೀ. ಆದರೆ ನೋಡುವ ಕಣ್ಣಿಗೆ ಏನೂ ವ್ಯತ್ಯಾಸ ತಿಳಿಯುವುದಿಲ್ಲ, ಆದರೆ ಕಾಂಕ್ರೀಟು 19 ಘನ ಮೀಟರಿಗೆ ಇಳಿಯುತ್ತದೆ, ಐದರಲ್ಲೊಂದು ಪಾಲು ಮಾಯ. ಸೆಂಟ್ರಿಂಗ್ ಕಟ್ಟಿದಾಗಲೇ ಎರಡು ಹಲಗೆಗಳ ನಡುವಿನ ಅಂತರಕ್ಕೆ ಟೇಪು ಹಿಡಿದು ಫೋಟೋ ತೆಗೆದಿಟ್ಟರೆ ಆಮೇಲೆ ಜಗಳವೇ ಬೇಕಿಲ್ಲ. ಆಗ ತೋರಿಸಿದರೆ ಅಲ್ಲೇ ಸರಿಪಡಿಸಲು ಐದು ನಿಮಿಷ ಸಾಕು.

ಕಾಂಕ್ರೀಟು ಎಂ20 ದರ್ಜೆಯದು ಎಂದರೆ ಅದರಿಂದ ಎರಕ ಹೊಯ್ದ 150 ಮಿ.ಮೀ. ಕ್ಯೂಬು 28 ದಿನಕ್ಕೆ ಚದರ ಮಿ.ಮೀ.ಗೆ 20 ನ್ಯೂಟನ್ ತಾಳಬೇಕು. ಕಾಂಕ್ರೀಟಿನ ಭಾರತೀಯ ಮಾನಕವಾದ ಐ.ಎಸ್. 456 ಪ್ರಕಾರ 16ರಿಂದ 30 ಘನ ಮೀಟರಿನ ಕೆಲಸಕ್ಕೆ ಮೂರು ಮಾದರಿ, ಮಾದರಿಗೆ ಮೂರು ಕ್ಯೂಬು. ಕ್ಯೂಬಿನ ಅಚ್ಚುಗಳೇ ಜಾಗದಲ್ಲಿ ಕಾಣದಿದ್ದರೆ ಅವತ್ತೇ ಎಂಜಿನಿಯರಿಗೆ ಫೋನು ಮಾಡಿ ತಿಳಿಸಬೇಕು. ಲಾರಿಯ ಡ್ರಮ್ಮಿಗೆ ಜಾಗದಲ್ಲಿ ನೀರು ಬಿಡುವುದು ಇನ್ನೊಂದು ಹಾನಿ. ಸುರಿಯಲು ಸಲೀಸಾಗುತ್ತದೆ, ಬಲ ಕುಗ್ಗುತ್ತದೆ. ನೀರು ಹಾಕಿ ಹದಗೊಳಿಸುವುದಕ್ಕೆ ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆಸಿದ ಪಿ.ಪಿ.ಸಿ. ಸಿಮೆಂಟಿಗೆ ಕನಿಷ್ಠ 10 ದಿನ ಬೇಕು. ಈಗ ಬರುವ ಚೀಲಗಳಲ್ಲಿ ಬಹುಪಾಲು ಪಿ.ಪಿ.ಸಿ.ಯೇ. ಒದ್ದೆ ಗೋಣಿಚೀಲ ಹೊದಿಸಿ ನೀರು ಹಾಕುವ ಕೆಲಸವನ್ನು ನಮ್ಮ ಬೀದಿಯ ಹೆಂಗಸರು ಸರದಿಯ ಮೇಲೆ ತಾವೇ ನೋಡಿಕೊಂಡರು. ಗುತ್ತಿಗೆದಾರರ ಹೊಣೆ ಅದರಿಂದ ಕಡಿಮೆಯಾಗದು, ಚರಂಡಿ ಮಾತ್ರ ಗಟ್ಟಿಯಾಯಿತು.

ಮಲೆನಾಡಿನ ಅಂಚಿನ ಊರಿಗೆ ಕೆಲಸದ ಕಾಲ ನವೆಂಬರ್‌ನಿಂದ ಮೇ ನಡುವಿನವರೆಗೆ. ಕಾರ್ಯಾದೇಶ ಮೇ ಕೊನೆಗೆ ಬಂದರೆ ಒತ್ತಾಯ ಮಾಡಬೇಡಿ. ಅಗೆದ ಮಣ್ಣು ಕುಸಿದು, ತಳದಲ್ಲಿ ಒಸರು ನಿಂತು, ಅದರ ಮೇಲೇ ಕಾಂಕ್ರೀಟು ಸುರಿದರೆ ಎರಡು ಮಳೆಗಾಲದೊಳಗೆ ತಳ ಬಿರಿಯುತ್ತದೆ. ಮೋರಿಯನ್ನಾದರೂ ಮಳೆಗೆ ಮುಂಚೆ ಮುಗಿಸಿ, ಮೇಲಿನ ಚರಂಡಿಯನ್ನು ನವೆಂಬರಿಗೆ ಬಿಡಿ ಎಂದು ಬರೆದು ಕೊಡುವುದು ಮೇಲು.

ಕೆಲಸ ಮುಗಿದ ಮೇಲೆ ಅಳತೆ ಪುಸ್ತಕದ ಪುಟಗಳನ್ನು ತರಿಸಿ ಜಾಗದ ಅಳತೆಯೊಂದಿಗೆ ಹೋಲಿಸಬೇಕು. ಬಿಲ್ಲು ಪಾವತಿಯಾಗುವುದು ಆ ಪುಸ್ತಕದಲ್ಲಿ ಬರೆದ ಅಳತೆಗೆ. ಉದ್ದ ಹೆಚ್ಚು ಕಡಿಮೆ ಇದ್ದರೆ ಕಣ್ಣಿಗೆ ಬೀಳುತ್ತದೆ, ಹುಡುಕಬೇಕಾದದ್ದು ತಳದ ಅಡಿ ಹಾಕಿದ ಜಲ್ಲಿಯ ಹಾಸು, ಅಗೆತದ ಆಳದಂಥ ಮುಚ್ಚಿಹೋಗುವ ಅಳತೆಗಳನ್ನು. ಅವಕ್ಕೆ ಕೆಲಸ ನಡೆಯುವಾಗ ತೆಗೆದ ಫೋಟೋ ಬಿಟ್ಟು ಬೇರೆ ಸಾಕ್ಷಿ ಇರುವುದಿಲ್ಲ. ಕರಾರಿನಲ್ಲಿ ದೋಷ ಹೊಣೆಗಾರಿಕೆಯ ಅವಧಿ ಎಷ್ಟೆಂದು ಬರೆದಿರುತ್ತದೆ, ಅಷ್ಟು ಕಾಲ ಗುತ್ತಿಗೆದಾರರ ಠೇವಣಿ ಕಚೇರಿಯಲ್ಲಿ ಇರುತ್ತದೆ. ಬಿರುಕು, ಕುಸಿತ, ನೀರು ನಿಲ್ಲುವ ಜಾಗ ಏನಿದ್ದರೂ ಆ ಅವಧಿ ಮುಗಿಯುವ ಮುಂಚೆ ಫೋಟೋ ಸಮೇತ ಬರೆದು ಆವಕ ಸಂಖ್ಯೆ ಪಡೆಯಬೇಕು. ಠೇವಣಿ ವಾಪಸಾದ ಮೇಲೆ ಅದೇ ದೋಷದ ದುರಸ್ತಿಗೆ ಹೊಸದಾಗಿ ಜನರ ತೆರಿಗೆಯ ಹಣವೇ ಬೇಕಾಗುತ್ತದೆ. ಮೊದಲ ಮಳೆಗಾಲ ಮುಗಿದ ಕೂಡಲೇ, ಅಕ್ಟೋಬರಿನಲ್ಲಿ, ನೀರಿನ ಪೈಪಿನಿಂದ ಇಳಿಜಾರನ್ನು ಮತ್ತೊಮ್ಮೆ ಅಳೆದು ನೋಡುವುದು ಒಳ್ಳೆಯದು, ತಳ ಕೂತಿದ್ದರೆ ಆಗಲೇ ತಿಳಿಯುತ್ತದೆ.

ಹೂಳು ತೆಗೆಸುವ ಅರ್ಜಿ ಮಾತ್ರ ಪ್ರತಿ ವರ್ಷದ್ದು, ಅದನ್ನು ಏಪ್ರಿಲ್‌ನಲ್ಲೇ ಕೊಡಬೇಕು. ತೆಗೆದ ಹೂಳನ್ನು ಅದೇ ದಿನ ಸಾಗಿಸಬೇಕೆಂದು ಅರ್ಜಿಯಲ್ಲಿ ಸೇರಿಸಿ ಬರೆಯಿರಿ. ದಡದಲ್ಲಿ ರಾಶಿ ಹಾಕಿ ಬಿಟ್ಟ ಹೂಳು ಮೊದಲ ಅಡ್ಡಮಳೆಗೇ ಮತ್ತೆ ಚರಂಡಿಗೆ ಇಳಿಯುತ್ತದೆ, ಮೋರಿಯ ಬಾಯಲ್ಲಿ ಬಂದು ಕೂರುತ್ತದೆ.